ಭಾಷಣದಲ್ಲಿ ನಾನು ಬಿಟ್ಟ ಖಾಲಿ ಜಾಗ

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ನಾಲ್ಕು ಜನ ಎದ್ದು ನಿಂತು “ಇವರು ಇತಿಹಾಸವನ್ನು ಅರೆದು ಕುಡಿದವರು” ಎಂದು ಹೊಗಳಿದರು. ಕುಡಿದದ್ದು ನಿಜ. ಕುಡಿದದ್ದರಲ್ಲಿ ಒಂದು ಸುಳ್ಳು ಬೆರೆಸಿ ತಾಲ್ಲೂಕಿಗೆಲ್ಲ ಹಂಚಿದ್ದೂ ನಿಜ. ಅದನ್ನು ಯಾರೂ ಎತ್ತಲಿಲ್ಲ, ಬೀಳ್ಕೊಡುಗೆಯಲ್ಲಿ ಅಂಥದ್ದನ್ನು ಎತ್ತುವ ಪದ್ಧತಿ ಇಲ್ಲ. ಬಕ್ಕಪ್ಪ ಎಂಬ ಬಂಡಿ ಹೊಡೆಯುವ ಮನುಷ್ಯನ ಹೆಸರು ನಮ್ಮ ಶಾಲೆಯ ಕಲ್ಲಿನ ಮೇಲೆ ಇರಬೇಕಿತ್ತು. ಇಲ್ಲ. ಇಲ್ಲದಿರುವುದಕ್ಕೆ ನಾನು ಕಾರಣ. ಈಚೆಗೆ ಸಮಾಜ ವಿಜ್ಞಾನದ ಮಾಸ್ತರರಾಗಿ ನೇಮಕವಾದ ಹುಡುಗ ಹುಡುಗಿಯರು ಇದನ್ನು ಓದಲಿ, ಓದಿ ನನ್ನನ್ನು ಚೆನ್ನಾಗಿ ಬೈಯಲಿ.

ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದೆ. ಮೊದಲ ಹನ್ನೊಂದು ವರ್ಷ ಬಸವಕಲ್ಯಾಣದಲ್ಲಿ, ಉಳಿದದ್ದೆಲ್ಲ ಹುಮನಾಬಾದ್ ಕಡೆ. ನಾನು ಕಲ್ಯಾಣದವನೇ, ನಮ್ಮ ಜನ ಬಸವಕಲ್ಯಾಣಕ್ಕೆ ಕಲ್ಯಾಣ ಅಂತಷ್ಟೇ ಅನ್ನುವುದು. ಊರಿನವನಾದರೂ ಊರಿನ ಇತಿಹಾಸ ನನಗೆ ಗೊತ್ತಿರಲಿಲ್ಲ. ಕಲಬುರಗಿಯಲ್ಲಿ ಕಾಲೇಜು ಓದಿ, ತಲೆಯಲ್ಲಿ ಇಸವಿಗಳನ್ನು ತುಂಬಿಕೊಂಡು ಬಂದಿದ್ದೆ. ನೌಕರಿಗೆ ಸೇರಿದ ಮೊದಲ ವರ್ಷವೇ ಒಂಬತ್ತನೇ ತರಗತಿಯಲ್ಲಿ, ನಮಗೆ ಸ್ವಾತಂತ್ರ್ಯ ಯಾವಾಗ ಬಂತು ಎಂದು ಕೇಳಿದೆ. ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು, “ಮಂದಿಗೆ ಮೊದಲ ಬಂತ್ರಿ, ನಮಗ ಒಂದು ವರ್ಷ ತಡಾ ಆಗಿ ಬಂತ್ರಿ” ಎಂದ. ತರಗತಿಯೆಲ್ಲ ನಕ್ಕಿತು. ನನ್ನನ್ನು ಗೇಲಿ ಮಾಡುತ್ತಿದ್ದಾನೆಂದು ತಿಳಿದು, ಸ್ಕೇಲಿನಿಂದ ಅವನ ಅಂಗೈ ಮೇಲೆ ಎರಡು ಬಿಗಿದೆ.

ಸಂಜೆ ಮನೆಗೆ ಬಂದು ದೊಡ್ಡ ಸಾಧನೆಯಂತೆ ಅಪ್ಪನಿಗೆ ಹೇಳಿದೆ. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿದರು.

“ಹುಡುಗ ಖರೇನೇ ಹೇಳ್ಯಾನಲ್ಲೋ. ಆ ಆಗಸ್ಟದಾಗ ನಾವು ಇನ್ನಾ ನಿಜಾಮನ ಪ್ರಜಾ. ಝಂಡಾ ಹಚ್ಚಿದವ್ರನ್ನ ಜೇಲಿಗೆ ಹಾಕ್ತಿದ್ರು. ಹದಿಮೂರು ತಿಂಗಳ ಆದ ಮ್ಯಾಲ ದಿಲ್ಲಿಯಿಂದ ಫೌಜು ಬಂತು, ಆಗ ನಮಗ ಬಿಡುಗಡಿ. ನಿನಗ ಸಾಲಿ ಕಲಿಸಿದ್ದು ದಂಡ ಆಯ್ತು ನೋಡು.”

ಮರುದಿನ ಆ ಹುಡುಗನ ಮುಂದೆ ನಿಂತು ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಮಾಸ್ತರರು ತಪ್ಪು ಒಪ್ಪಿಕೊಂಡರೆ ಹುಡುಗರು ತಲೆಯ ಮೇಲೆ ಕೂಡುತ್ತಾರೆ ಎಂದು ಹಿರಿಯರು ಹೇಳಿಕೊಟ್ಟಿದ್ದರು. ಎಂಥ ನಾಚಿಕೆಗೇಡಿನ ಪಾಠ! ಈ ಒಂದು ಪಾಠವನ್ನು ಮಾತ್ರ ನಾನು ವೃತ್ತಿಯುದ್ದಕ್ಕೂ ತಪ್ಪದೆ ಪಾಲಿಸಿದೆ.

ನಮ್ಮ ಹೆಡ್‌ಮಾಸ್ತರರು ಗಣಿತದವರು. ಒಳ್ಳೆಯ ಮನುಷ್ಯ, ಆದರೆ ಇತಿಹಾಸವೆಂದರೆ ಅವರಿಗೆ ಮಗ್ಗಿ. “ಯಾರು, ಯಾವಾಗ. ಇಷ್ಟ ಬಾಯಿಪಾಠ ಮಾಡಸ್ರಿ. ಯಾಕ ಅಂತ ಕೇಳಾಕ ಹೋದ್ರ ಸಿಲೆಬಸ್ ಮುಗ್ಯಂಗಿಲ್ಲ” ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಪ್ರತಿವರ್ಷ ತಪ್ಪದೆ ಬರುವ ಒಂದು ಪ್ರಶ್ನೆ ಇತ್ತು: ರಾಷ್ಟ್ರದ ಇತಿಹಾಸದ ತಿರುವುಗಳಲ್ಲಿ ನಾಯಕರ ಪಾತ್ರವನ್ನು ವಿವರಿಸಿ. ಅದಕ್ಕೆ ನಾನು ಒಂದೂವರೆ ಪುಟದ ಉತ್ತರ ಬರೆಸುತ್ತಿದ್ದೆ. ಅದನ್ನು ಉರು ಹೊಡೆದು ಬರೆದವರಿಗೆ ಐದಕ್ಕೆ ಐದು. ಸ್ವಂತ ಬುದ್ಧಿಯಿಂದ ಬರೆದವರಿಗೆ ಎರಡೂವರೆ. ಎಷ್ಟು ಮಕ್ಕಳ ಸ್ವಂತ ಬುದ್ಧಿಗೆ ನಾನು ಕೆಂಪು ಗೆರೆ ಎಳೆದೆನೋ, ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹುಮನಾಬಾದ್ ಕಡೆ ವರ್ಗವಾಗಿ ಬಂದ ಮೇಲೆ ಒಮ್ಮೆ ತಪಾಸಣೆಗೆ ಸಾಹೇಬರು ಬಂದಿದ್ದರು. ಹುಮನಾಬಾದ್ ಎಂದರೆ ದೊಡ್ಡ ರಸ್ತೆಗಳು ಕೂಡುವ ಊರು, ಹಗಲೂ ರಾತ್ರಿ ಲಾರಿ. ಸಾಹೇಬರು ಎಂಟನೇ ತರಗತಿಗೆ ಹೋಗಿ, “ಈ ದೇಶವನ್ನು ಒಂದುಗೂಡಿಸಿದವರು ಯಾರು?” ಎಂದು ಕೇಳಿದರು. ಧಾಬಾ ನಡೆಸುವವನ ಮಗಳೊಬ್ಬಳು ತಟ್ಟನೆ ಕೈ ಎತ್ತಿ, “ಲಾರಿ ಡ್ರೈವರ್‌ಗಳ್ರಿ ಸಾಹೇಬ್ರ. ನಮ್ಮಲ್ಲಿ ಪಂಜಾಬದವ್ರೂ ಉಣ್ತಾರ, ಮದ್ರಾಸದವ್ರೂ ಉಣ್ತಾರ” ಎಂದಳು. ಸಾಹೇಬರ ಮುಖ ಹರಳೆಣ್ಣೆ ಕುಡಿದಂತಾಯಿತು. ನನಗೆ ನೋಟಿಸು ಬಂತು. ಇಡೀ ಜಿಲ್ಲೆಯಲ್ಲಿ ಆ ವರ್ಷ ಕೇಳಿದ ಅತ್ಯುತ್ತಮ ಉತ್ತರ ಅದೇ ಎಂದು ಈಗ ಅನಿಸುತ್ತದೆ. ಆಗ ಮಾತ್ರ, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ಉತ್ತರ ಬರೆದುಕೊಟ್ಟೆ.

ತಪ್ಪು ತಿಳಿಯಬೇಡಿ. ನಾಯಕರಿಂದ ದೇಶ ತಿರುಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವವನಲ್ಲ. ದಿಲ್ಲಿಯಲ್ಲಿ ಕೂತವರು ಸೈನ್ಯ ಕಳಿಸುವ ನಿರ್ಧಾರ ಮಾಡದಿದ್ದರೆ ನಮ್ಮ ಬೀದರ ಸೀಮೆಯ ಕಥೆಯೇ ಬೇರೆಯಾಗುತ್ತಿತ್ತು. ಉಳುವವನಿಗೆ ಭೂಮಿ ಎಂದು ಕಾನೂನು ತಂದವರು ಇರದಿದ್ದರೆ ನನ್ನ ಎಷ್ಟೋ ವಿದ್ಯಾರ್ಥಿಗಳ ಅಪ್ಪಂದಿರು ಪರರ ಹೊಲದಲ್ಲೇ ಮುದುಕರಾಗುತ್ತಿದ್ದರು. ಇದು ಸತ್ಯ, ಇದನ್ನು ಹೇಳಿಕೊಡಲೇಬೇಕು. ಆದರೆ ನಾಯಕರಾದವರು ಇತಿಹಾಸವನ್ನು ಎರಡು ಸಲ ತಿರುಗಿಸುತ್ತಾರೆ. ನಡೆಯುವಾಗ ಒಮ್ಮೆ, ಐವತ್ತು ವರ್ಷ ಬಿಟ್ಟು ಮೈಕಿನ ಮುಂದೆ ನಿಂತಾಗ ಇನ್ನೊಮ್ಮೆ. ಮೊದಲನೆಯದಕ್ಕೆ ಎದೆಗಾರಿಕೆ ಬೇಕು. ಎರಡನೆಯದಕ್ಕೆ ನನ್ನಂಥ ಒಬ್ಬ ಮಾಸ್ತರ ಸಾಕು.

ಹೇಗೆಂದು ಹೇಳುತ್ತೇನೆ. ನಮ್ಮ ಕಡೆ ಸೆಪ್ಟೆಂಬರ್ ಹದಿನೇಳಕ್ಕೆ ಮತ್ತೊಂದು ಧ್ವಜವಂದನೆ. ಈಗ ಕಲ್ಯಾಣ ಕರ್ನಾಟಕ ಉತ್ಸವ ಅನ್ನುತ್ತಾರೆ, ಆಗ ವಿಮೋಚನಾ ದಿನ. ಆ ದಿನ ಮುಖಂಡರು ಭಾಷಣ ಮಾಡಬೇಕು. ಭಾಷಣ ಬರೆದುಕೊಡುವವರು ಆಯಾ ಊರಿನ ಇತಿಹಾಸದ ಮಾಸ್ತರರು. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಆದರೂ ತಪ್ಪದು. ಹಬ್ಬ ವಾರವಿರುವಾಗಲೇ ಶಾಲೆಯ ಜವಾನನ ಕೈಯಲ್ಲಿ ಚೀಟಿ ಬರುತ್ತಿತ್ತು: ಎರಡು ಪಾನಾ ಬರೆದು ಕಳಿಸಿ. ಪಾನಾ ಎಂದರೆ ಪುಟ. ಬರೆದುಕೊಟ್ಟವನಿಗೆ ವರ್ಗಾವಣೆಯ ಕಾಟ ಇರುವುದಿಲ್ಲ ಎಂಬ ನಂಬಿಕೆ ನಮ್ಮ ಮಾಸ್ತರರಲ್ಲಿ ಗಟ್ಟಿಯಾಗಿತ್ತು.

ನನಗೆ ಚೀಟಿ ಕಳಿಸುತ್ತಿದ್ದವರನ್ನು ಊರೆಲ್ಲ ಸಾವ್ಕಾರು ಅನ್ನುತ್ತಿತ್ತು. ಹಳ್ಳಿಖೇಡದ ಕಡೆ ಕಬ್ಬಿನ ಹೊಲ, ನಾಲ್ಕು ಟ್ರ್ಯಾಕ್ಟರ್, ಪಕ್ಷದಲ್ಲಿ ಏರುತ್ತಿದ್ದ ಸ್ಥಾನ. ಮಾತು ಮಿದು. ಮೊದಲ ಸಲ ಕರೆಸಿದಾಗ, “ಮಾಸ್ತರ್ರ, ನನ್ನ ಮಾತು ಐದು ನಿಮಿಷಿಂದು. ಆದ್ರ ಮಂದಿ ಮೈಯಾಗ ಕೂದಲ ನಿಂದರಬೇಕು. ಬರ್ದು ಕೊಡ್ರಲಾ” ಎಂದರು. ನನಗೂ ಉಬ್ಬು ಬಂತು. ನಾನು ಬರೆದ ಮಾತಿಗೆ ಸಾವಿರ ಜನ ಚಪ್ಪಾಳೆ ತಟ್ಟುವುದನ್ನು ಹಿಂದೆ ನಿಂತು ಕೇಳುವ ರುಚಿ ಒಮ್ಮೆ ಹತ್ತಿತೆಂದರೆ ಬಿಡುವುದು ಕಷ್ಟ.

ಎರಡನೆಯ ವರ್ಷ ಅವರಿಗೆ ಒಂದೇ ಬೆಳಿಗ್ಗೆ ಮೂರು ಕಡೆ ಧ್ವಜ ಹಾರಿಸುವುದಿತ್ತು. ಹುಡಗಿ ಎಂಬ ಊರಿನಲ್ಲಿ, ಹಳ್ಳಿಖೇಡದಲ್ಲಿ, ಕೊಡಂಬಲದಲ್ಲಿ. ಮೂರು ಭಾಷಣ ಬೇಕೆಂದರು. ನನಗೆ ಉತ್ತರ ಪತ್ರಿಕೆ ತಿದ್ದುವ ಕೆಲಸ ತಲೆಯ ಮೇಲಿತ್ತು. ಮೂರು ಊರಿಗೆ ಹೋಗಿ, ಹಿರಿಯರನ್ನು ಕಂಡು, ಅಲ್ಲಿ ಯಾರು ಏನು ಮಾಡಿದ್ದರೆಂದು ಕೇಳಿ ಬರೆಯುವ ಬದಲು ಒಂದೇ ಭಾಷಣ ಬರೆದೆ. ಅದರ ನಡುವೆ ಒಂದು ವಾಕ್ಯ: “ಇದೇ ನೆಲದಲ್ಲಿ, ಪ್ರಾಣದ ಹಂಗು ತೊರೆದು, ಮೊಟ್ಟಮೊದಲ ತ್ರಿವರ್ಣ ಧ್ವಜ ಹಾರಿಸಿದವರು ಶ್ರೀ”, ಆಮೇಲೆ ಉದ್ದಕ್ಕೆ ಒಂದು ಗೆರೆ, ಖಾಲಿ ಜಾಗ. ಅಂಚಿನಲ್ಲಿ ಪೆನ್ಸಿಲ್ಲಿನಿಂದ, ‘ಆಯಾ ಊರಿನ ಹಿರಿಯರನ್ನು ಕೇಳಿ ಹೆಸರು ತುಂಬಿಕೊಳ್ಳಬೇಕು’ ಎಂದು ಬರೆದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸಾವ್ಕಾರು ಯಾವ ಹಿರಿಯರನ್ನೂ ಕೇಳಲಿಲ್ಲ. ಮೂರೂ ಊರಿನಲ್ಲಿ ಆ ಜಾಗಕ್ಕೆ ತಮ್ಮ ಅಜ್ಜನ ಹೆಸರನ್ನೇ ತುಂಬಿದರು.

ಮೂರು ಊರುಗಳಲ್ಲಿ ಒಬ್ಬರೇ ಮೊಟ್ಟಮೊದಲ ಧ್ವಜ ಹಾರಿಸಿದರಂತೆ, ಅದೂ ಬಸ್ಸಿಲ್ಲದ ಕಾಲದಲ್ಲಿ. ಒಬ್ಬನೇ ಒಬ್ಬ ಎದ್ದು ಹೇಗೆ ಎಂದು ಕೇಳಲಿಲ್ಲ. ಚಪ್ಪಾಳೆ ಬಿತ್ತು. ಮರುದಿನ ಸ್ಥಳೀಯ ಪತ್ರಿಕೆಯವರು ಮೂರು ಊರನ್ನೂ ಕೂಡಿಸಿ, ‘ತಾಲ್ಲೂಕಿನ ಮೊದಲ ಧ್ವಜ’ ಎಂದು ಬರೆದರು. ನಾನು ಓದಿ ನಕ್ಕೆ. ಮಾಸ್ತರರ ಕೋಣೆಯಲ್ಲಿ ಎಲ್ಲರೂ ನಕ್ಕರು. ಇಂಥ ಸುಳ್ಳು ತಾನಾಗಿ ಒಣಗಿ ಉದುರುತ್ತದೆ ಎಂದುಕೊಂಡಿದ್ದೆವು.

ವಿಮೋಚನೆಗೆ ಐವತ್ತು ವರ್ಷ ತುಂಬಿದಾಗ ಶಾಲೆಯ ಎದುರಿನ ಗೋಡೆಗೆ ಒಂದು ಕಪ್ಪು ಕಲ್ಲು ಕೂಡಿಸಬೇಕೆಂದು ತೀರ್ಮಾನವಾಯಿತು. ಸುತ್ತಲಿನ ಊರುಗಳಲ್ಲಿ ಆ ಹೊತ್ತಿನಲ್ಲಿ ದುಡಿದವರ ಹೆಸರು, ಊರು, ಮಾಡಿದ ಕೆಲಸ ಒಂದೊಂದು ಸಾಲಿನಲ್ಲಿ. ಕಲ್ಲಿನ ಖರ್ಚು ಸಾವ್ಕಾರರದು. ಸಮಿತಿಗೆ ಅವರೇ ಅಧ್ಯಕ್ಷರು, ಇತಿಹಾಸದ ಮಾಸ್ತರ ಎಂಬ ಕಾರಣಕ್ಕೆ ನಾನು ಕಾರ್ಯದರ್ಶಿ. ಲಿಖಿತ ಆಧಾರ ಇದ್ದವರ ಹೆಸರು ಮಾತ್ರ ಬರೆಯಬೇಕು ಎಂಬುದು ನಿಯಮ. ನಿಯಮ ನನ್ನದೇ. ಬಾಯಿಮಾತಿನ ಮೇಲೆ ಇತಿಹಾಸ ಬರೆಯಬಾರದು ಎಂದು ಕಾಲೇಜಿನಲ್ಲಿ ಕಲಿತಿದ್ದೆನಲ್ಲ.

ಸುದ್ದಿ ಹಬ್ಬಿದ ಮೇಲೆ ಒಂದು ಮಧ್ಯಾಹ್ನ ಹುಡಗಿ ಊರಿನಿಂದ ಕಾಶಮ್ಮ ಎಂಬ ಹೆಂಗಸು ಶಾಲೆಗೆ ಬಂದರು. ಐವತ್ತು ದಾಟಿದ ವಯಸ್ಸು, ಕೂಲಿ ಮಾಡಿ ಬಿರುಕು ಬಿಟ್ಟ ಕೈ. ಒಳಗೆ ಬನ್ನಿ ಎಂದರೂ ಬಾಗಿಲ ಬಳಿಯೇ ಕೂತರು. ಅವರು ಹೇಳಿದ್ದನ್ನು ಅವತ್ತೇ ವಹಿಯಲ್ಲಿ ಬರೆದುಕೊಂಡೆ, ಆದ್ದರಿಂದ ಅವರ ಮಾತಿನಲ್ಲೇ ಕೊಡಬಲ್ಲೆ.

“ಸರ, ನಾ ಸಾಲಿ ಕಲತಾಕಿ ಅಲ್ರಿ. ಕಣ್ಣಾರೆ ಕಂಡದ್ದ ಹೇಳಾಕತ್ತೇನಿ. ನಮ್ಮಪ್ಪ ಬಕ್ಕಪ್ಪ. ಮಂದಿ ಹೊಲದಾಗ ದುಡೀತಿದ್ದ, ಒಂದು ಬಂಡಿ ಇತ್ತು. ನಿಜಾಮನ ಕಡೀ ರಜಾಕಾರರ ದಾಂಧಲಿ ಎದ್ದಾಗ ನಮ್ಮೂರಾಗ ಒಂದು ಮನಿಯವ್ರು, ಗಂಡ ಹೆಣ್ತಿ ಎರಡು ಕೂಸು, ಊರು ಬಿಟ್ಟು ಓಡಬೇಕಾಯ್ತು. ಅಪ್ಪ ಅವ್ರನ್ನ ಬಂಡ್ಯಾಗ ಮಲಗಿಸಿ ಮ್ಯಾಲ ಜೋಳದ ದಂಟಿನ ಕಣಕಿ ಹೇರಿದ. ಕಣಕಿ ಮ್ಯಾಲ ನನ್ನ ಕೂಡ್ಸಿದ. ನಂಗ ಆಗ ಆರು ವರ್ಷ. ‘ಯಾರರೆ ಬಂಡಿ ತಡದ್ರ ಜೋರ ಅಳು’ ಅಂದ. ಅಳೂ ಕೂಸಿನ ಬಂಡಿ ಯಾರೂ ಭಾಳ ಹೊತ್ತ ನಿಂದ್ರಸಂಗಿಲ್ಲ ನೋಡ್ರಿ. ಎರಡು ಕಡಿ ತಡದ್ರು, ಎರಡೂ ಕಡಿ ಅತ್ತೆ. ಕಲ್ಯಾಣದ ಆಚೀಕ ತನ ಬಿಟ್ಟು ಬಂದ್ವಿ. ಅಲ್ಲಿಂದ ಮುಂದ ಬ್ಯಾರೆ ಬಂಡಿ, ಸೊಲ್ಲಾಪುರ ಕಡೆ.”

ನಾನು ಬರೆದುಕೊಳ್ಳುತ್ತಿದ್ದೆ. ಮುಗಿಯಿತೆಂದು ಪೆನ್ನು ಮುಚ್ಚಿದೆ. ಅವರು ಮುಂದುವರಿಸಿದರು.

“ಇನ್ನಾ ಅದರಿ. ಆಮ್ಯಾಲ ಫೌಜು ಬಂತು, ರಜಾಕಾರರು ಓಡಿ ಹೋದ್ರು. ಆವಾಗ ನಮ್ಮ ಮಂದೀನೇ ತಿರುಗಿ ಬಿದ್ರು. ಸಾಬರ ಮನಿ ಅಂದ್ರ ಸಾಕು, ಯಾರು ಏನು ಅಂತ ನೋಡ್ಲಿಲ್ಲ. ನಮ್ಮ ಓಣ್ಯಾಗ ಗಾದಿ ತುಂಬೋ ಪಿಂಜಾರ ಹುಸೇನಸಾಬ ಇದ್ದ. ಹತ್ತಿ ಹೊಡ್ಯೋದು ಬಿಟ್ರ ಬ್ಯಾರೆ ಏನೂ ಅರೀದಾಂವ. ಅಪ್ಪ ಅವನ್ನೂ ಅವನ ಮನಿಯವ್ರನ್ನೂ ಎರಡು ದಿನ ದನದ ಕೊಟ್ಟಿಗ್ಯಾಗ ಇಟ್ಟ. ಮೂರನೇ ದಿನ ಅದೇ ಬಂಡಿ, ಅದೇ ಕಣಕಿ, ಮ್ಯಾಲ ನಾನೇ. ಬೀದರ ಕಡೆ ಅವ್ರ ನೆಂಟರ ಊರಿಗೆ. ಈ ಸಲ ಅಪ್ಪ ಅಳು ಅಂತ ಹೇಳ್ಲಿಲ್ರಿ. ನಂಗ ತಾನೇ ಅಳು ಬಂತು. ಯಾಕಂದ್ರ ಕೊಡಲಿ ಹಿಡದು ತಡದವ್ರು ನಾವು ದಿನಾ ನೋಡೋ ಮಂದಿ.”

ಸಾವ್ಕಾರರ ಅಜ್ಜ ಧ್ವಜ ಹಾರಿಸಿದ್ದು ನಿಮಗೆ ನೆನಪಿದೆಯೇ ಎಂದೆ.

“ಆ ಮುತ್ಯಾ ಆವಾಗೆಲ್ಲ ನಮ್ಮೂರ ವಾಡೇದಾಗ ಕದ ಹಾಕ್ಕೊಂಡ ಕುಂತಿದ್ದ. ಫೌಜು ಬಂದ ಮ್ಯಾಲ ಎಲ್ಲಾ ತಣ್ಣಗಾದಾಗ ಹೊರಗ ಬಂದು ಝಂಡಾ ಹಚ್ಚಿ ಮಂದಿಗೆ ಸಕ್ಕರಿ ಹಂಚಿದ. ಸಕ್ಕರಿ ನಾನೂ ತಿಂದೇನಿ, ಸುಳ್ಳ ಯಾಕ ಹೇಳ್ಲಿ. ಹೆದರಿಕಿ ಎಲ್ಲಾರ್ಗೂ ಇತ್ರಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ನಮ್ಮಪ್ಪಂದು ಒಂದು ಸಾಲು ಬರೀರಿ ಅಂತ ಕೇಳಾಕ ಬಂದೇನಿ, ಅಷ್ಟ.”

ನಾಲ್ಕು ದಶಕ ಇತಿಹಾಸದ ಪುಸ್ತಕ ಓದಿದ್ದೇನೆ. ಇಷ್ಟು ನ್ಯಾಯವಾಗಿ ಸಾಕ್ಷಿ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ತನ್ನ ಅಪ್ಪನನ್ನು ಹೊಗಳಲು ಇನ್ನೊಬ್ಬನ ಅಜ್ಜನನ್ನು ತೆಗಳಲಿಲ್ಲ. ತಿಂದ ಸಕ್ಕರೆಯನ್ನೂ ಮರೆಮಾಚಲಿಲ್ಲ.

ಸಮಿತಿಯ ಸಭೆಯಲ್ಲಿ ವಹಿ ತೆರೆದು ಓದಿದೆ. ಅಷ್ಟರಮಟ್ಟಿಗೆ ಧೈರ್ಯ ಇತ್ತು. ಸಾವ್ಕಾರು ಕಣ್ಣು ಮುಚ್ಚಿಕೊಂಡು ಕೇಳಿದರು. ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ಬಹುಶಃ ನನಗೂ ರೋಷ ಬರುತ್ತಿತ್ತು.

“ಭಾಳ ಚೊಲೋ ಅದ ಮಾಸ್ತರ್ರ. ಬಡವನ ಹೆಸರೂ ಇರ್ಲಿ ಕಲ್ಲಿನ ಮ್ಯಾಲ, ಶೋಭಾ ಬರ್ತದ. ಮೊದಲನೇ ಬಂಡಿ ಬರೀರಿ. ಎರಡನೇದು ಬಿಡ್ರಿ.”

“ಎರಡೂ ಮಾಡಿದಾಂವ ಒಬ್ಬನೇ ಮನುಷ್ಯಾ ರೀ” ಎಂದೆ.

“ಹೌದ್ರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದು ವಿಮೋಚನಾ ಹಬ್ಬ. ನಮ್ಮ ಮಂದಿ ಹಿಂಗ ಮಾಡಿದ್ರು ಅಂತ ಕಲ್ಲಿನ ಮ್ಯಾಲ ಬರ್ದು ನಾಳೆ ಓಟು ಕೇಳಾಕ ಹ್ಯಾಂಗ ಹೋಗ್ಲಿ? ಮಂದಿಗೆ ಒಂದು ಕಥಿ ತಿಳೀತದ. ಎರಡು ಹೇಳಿದ್ರ ತಲಿ ಕೆಡ್ತದ.”

ಇಡೀ ವೃತ್ತಿಯಲ್ಲಿ ನಾಯಕತ್ವದ ಬಗ್ಗೆ ನಾನು ಕಲಿತ ಅತಿ ದೊಡ್ಡ ಪಾಠ ಇದು. ನನ್ನ ಒಂದೂವರೆ ಪುಟದ ಉತ್ತರದಲ್ಲಿ ಇದು ಇರಲಿಲ್ಲ. ಒಂದು ನಾಡು ತಿರುವಿನಲ್ಲಿ ಏನೇನು ಮಾಡಿತು ಎಂಬುದರಲ್ಲಿ ಅರ್ಧವನ್ನು ಹೀಗೆ ಮಿದುವಾದ ಮಾತಿನಲ್ಲಿ ಅಳಿಸಿಬಿಡುತ್ತಾರೆ. ರಜಾಕಾರರು ಮಾಡಿದ್ದು ಅನ್ಯಾಯ, ಅದನ್ನು ಕಲ್ಲಿನ ಮೇಲೆ ಬರೆಯಬಹುದು. ಆಮೇಲೆ ನಮ್ಮವರು ಮಾಡಿದ್ದೂ ಅನ್ಯಾಯ, ಅದನ್ನು ಬಾಯಲ್ಲೂ ಆಡಬಾರದು. ಎರಡು ಸಲವೂ ಅನ್ಯಾಯದ ಎದುರು ಬಂಡಿ ಹೂಡಿದ ಒಬ್ಬನೇ ಒಬ್ಬ ಕೂಲಿಯವನನ್ನು ಎರಡು ತುಂಡು ಮಾಡಿ, ಬೇಕಾದ ತುಂಡನ್ನಷ್ಟೇ ಇಟ್ಟುಕೊಳ್ಳಬೇಕು!

ಈ ಸಿಟ್ಟೆಲ್ಲ ಈಗಿನದು, ಅವತ್ತಿನದಲ್ಲ. ಅರ್ಧವಾದರೂ ಬರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು, ಮರುದಿನ ಸೈಕಲ್ ಹತ್ತಿ ಹುಡಗಿ ಊರಿಗೆ ಹೋದೆ. ಕಾಶಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಬದುವಿನ ಮೇಲೆ ನಿಂತು ವಿಷಯ ಹೇಳಿದೆ. ಕುಡುಗೋಲು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

“ಅರ್ಧಾ ಬ್ಯಾಡ್ರಿ ಸರ. ನಮ್ಮಪ್ಪ ಅರ್ಧಾ ಮನುಷ್ಯಾ ಇರ್ಲಿಲ್ಲ. ಹುಸೇನಸಾಬನ್ನ ಬಿಟ್ಟು ಬಂದ ಮ್ಯಾಲ ನಮ್ಮ ಓಣಿ ಮಂದಿ ನಮಗ ಬಾವ್ಯಾಗ ನೀರು ಸೇದಗೊಡಲಿಲ್ಲ, ಮೂರು ತಿಂಗಳ. ಅಪ್ಪ ಒಂದು ದಿನಾನೂ ತಪ್ಪ ಮಾಡಿದೆ ಅನ್ಲಿಲ್ಲ. ಈಗ ಅವನ ಸಲುವಾಗಿ ನಾ ಅನ್ನಲೇನು? ಬರದ್ರ ಎರಡೂ ಬರೀರಿ, ಇಲ್ಲಂದ್ರ ಬಿಡ್ರಿ.”

ಬಿಟ್ಟೆವು. ‘ಲಿಖಿತ ಆಧಾರ ದೊರೆಯದ ಕಾರಣ ಬಕ್ಕಪ್ಪ ಎಂಬುವರ ಹೆಸರನ್ನು ಪರಿಗಣಿಸಲಾಗಿಲ್ಲ’ ಎಂದು ನಡಾವಳಿ ಬರೆದೆ. ಸಾವ್ಕಾರರ ಅಜ್ಜನ ಹೆಸರಿಗೆ ಲಿಖಿತ ಆಧಾರ ಇತ್ತು: ಪತ್ರಿಕೆಯ ತುಣುಕು. ಆ ತುಣುಕಿನಲ್ಲಿದ್ದ ವಾಕ್ಯ ನನ್ನದು. ಪ್ರಾಣದ ಹಂಗು ತೊರೆದು ಎಂಬ ಮಾತೂ ನನ್ನದು, ಮೊಟ್ಟಮೊದಲ ಎಂಬುದೂ ನನ್ನದು. ನಾನು ಬಿಟ್ಟ ಖಾಲಿ ಜಾಗವನ್ನು ಅವರು ತುಂಬಿದ್ದರು, ಅವರು ತುಂಬಿದ್ದನ್ನು ನಾನೇ ಆಧಾರವೆಂದು ಫೈಲಿಗೆ ಹಚ್ಚಿದೆ. ಕೆಳಗೆ, ‘ಪರಿಶೀಲಿಸಿ ದೃಢೀಕರಿಸಿದ್ದೇನೆ’ ಎಂದು ಬರೆದು ಸಹಿ ಹಾಕಿದೆ. ಕಲ್ಲಿನ ಮೊದಲ ಸಾಲು ಆ ಹೆಸರೇ ಆಯಿತು.

ಆಮೇಲೆ ಇಪ್ಪತ್ತು ವರ್ಷ ಅದೇ ಕಲ್ಲಿನ ಎದುರು ಪ್ರಾರ್ಥನೆಗೆ ನಿಂತೆ. ಕಾಶಮ್ಮ ಸಂತೆಯ ದಾರಿಯಲ್ಲಿ ಸಿಕ್ಕರೆ “ಆರಾಮ ಅದಿರೇನ್ರಿ ಸರ” ಎಂದು ಕೇಳುತ್ತಿದ್ದರು. ಒಂದು ಸಲವಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಈ ನಡುವೆ ಪಾಠ ಹೇಳುವ ರೀತಿಯೂ ಬದಲಾಯಿತು. ಬಟ್ಟೆಯ ನಕ್ಷೆ ಹೋಗಿ ಕಂಪ್ಯೂಟರಿನ ಪರದೆ ಬಂತು. ಚಟುವಟಿಕೆ ಮಾಡಿಸಿರಿ, ಊರ ಹಿರಿಯರನ್ನು ಮಾತಾಡಿಸಿ ಬರಲು ಮಕ್ಕಳಿಗೆ ಹೇಳಿರಿ ಎಂದು ತರಬೇತಿಯಲ್ಲಿ ಹೇಳಿದರು. ಒಳ್ಳೆಯ ಮಾತು. ಆದರೆ ಮಕ್ಕಳು ಅಂಗಡಿಗೆ ಹೋಗಿ ನಾಯಕರ ಚಿತ್ರದ ಹಾಳೆ ಕೊಂಡು, ಕತ್ತರಿಸಿ, ಅಂಟಿಸಿ ತರುತ್ತಿದ್ದ ಪ್ರಾಜೆಕ್ಟಿಗೆ ನಾವು ಕಣ್ಣು ಮುಚ್ಚಿ ಪೂರ್ತಿ ಅಂಕ ಕೊಡುತ್ತಿದ್ದೆವು. ಹಿರಿಯರನ್ನು ಮಾತಾಡಿಸಲು ಯಾರನ್ನೂ ನಾನು ಹುಡಗಿ ಊರಿಗೆ ಕಳಿಸಲಿಲ್ಲ. ಅಲ್ಲಿ ಯಾರು ಸಿಗುತ್ತಾರೆಂದು ನನಗೆ ಗೊತ್ತಿತ್ತು.

ಹೋದ ವರ್ಷ ಉತ್ಸವದ ದಿನ ಹಳೆಯ ಮಾಸ್ತರ ಎಂದು ನನ್ನನ್ನು ಅತಿಥಿಯಾಗಿ ಕರೆದಿದ್ದರು. ಹೊಸದಾಗಿ ಬಂದ ಇತಿಹಾಸದ ಮೇಡಂ ಚುರುಕಾದ ಹುಡುಗಿ. ಮಕ್ಕಳಿಗೆ ರಸಪ್ರಶ್ನೆ ಇಟ್ಟಿದ್ದರು. ಕೊನೆಯ ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಮೊಟ್ಟಮೊದಲ ತ್ರಿವರ್ಣ ಧ್ವಜ ಹಾರಿಸಿದವರು ಯಾರು? ಎರಡು ಜಡೆಯ ಒಬ್ಬಳು ಮಿಂಚಿನಂತೆ ಗಂಟೆ ಬಾರಿಸಿ ಸಾವ್ಕಾರರ ಅಜ್ಜನ ಹೆಸರು ಹೇಳಿದಳು. ಸರಿ ಉತ್ತರ! ಚಪ್ಪಾಳೆ. ಬಹುಮಾನದ ಸ್ಟೀಲ್ ಡಬ್ಬಿಯನ್ನು ನನ್ನ ಕೈಯಿಂದಲೇ ಕೊಡಿಸಿದರು. ಯಾವ ಊರವ್ವ, ಯಾರ ಪೈಕಿ ಎಂದು ಕೇಳಿದೆ.

“ಹುಡಗಿ ಊರ್ರಿ ಸರ. ಕಾಶಮ್ಮನ ಮರಿಮೊಮ್ಮಗಳು.”

ಕಾರ್ಯಕ್ರಮ ಮುಗಿದದ್ದೇ ತಡ, ಮೇಡಮ್ಮಿನ ಮೇಲೆ ಹರಿಹಾಯ್ದೆ. ಇದೆಂಥ ಪ್ರಶ್ನೆ, ವಿಚಾರಿಸದೆ ಮಕ್ಕಳ ತಲೆಗೆ ತುಂಬುತ್ತೀರಾ, ನಾಚಿಕೆಯಾಗುವುದಿಲ್ಲವೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡು, ಬೀರು ತೆಗೆದು ಒಂದು ಹಳೆಯ ಫೈಲು ತಂದು ನನ್ನ ಮುಂದೆ ಇಟ್ಟಳು.

“ನಾ ವಿಚಾರಿಸೇನಿ ಸರ. ನೀವೇ ಸಹಿ ಮಾಡೀರಲ್ರಿ.”

ಆ ಮೇಡಮ್ಮಿನ ತಪ್ಪೇನು? ಬೆಂಕಿ ಹಚ್ಚಿದವನೇ ಹೊಗೆಯನ್ನು ಬೈದರೆ ಹೇಗೆ? ಕ್ಷಮಿಸವ್ವ ಎಂದು ಹೇಳಿ, ಅಲ್ಲಿಂದಲೇ ಆಟೋ ಹಿಡಿದು ಹುಡಗಿ ಊರಿಗೆ ಹೋದೆ. ಕಾಶಮ್ಮನಿಗೆ ಈಗ ಎಂಬತ್ತು ದಾಟಿದೆ. ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಹೊಳೆಯುವ ಡಬ್ಬಿ, ಅದರ ಪಕ್ಕದಲ್ಲಿ ಎರಡು ಜಡೆಯ ಹುಡುಗಿ.

“ಬರ್ರಿ ಸರ, ಕುಂದರ್ರಿ. ನಮ್ಮ ಹುಡುಗಿಗೆ ನಿಮ್ಮ ಕೈಯಿಂದ ಬಹುಮಾನ ಬಂತಂತ. ಚೊಲೋ ಆಯ್ತು ಬಿಡ್ರಿ. ಆ ಕಥಿ ಊರಿಗೆಲ್ಲಾ ಮುಟ್ಟಿಸಿದ್ರಿ, ನಮ್ಮ ಮನಿ ಒಂದು ಉಳದಿತ್ತು, ಅದಕ್ಕೂ ಮುಟ್ಟಿಸಿದ್ರಿ.”

ದನಿ ಎತ್ತರಿಸಲಿಲ್ಲ. ಮೊರದಲ್ಲಿನ ಕಲ್ಲು ಆಯುತ್ತಲೇ ಹೇಳಿದರು. ನಾನು ಅವರ ಮುಂದೆ ನೆಲದ ಮೇಲೆ ಕೂತೆ. ಯವ್ವಾ, ನನ್ನಿಂದ ದೊಡ್ಡ ತಪ್ಪಾಗಿದೆ, ಎರಡೂ ಬಂಡಿಯ ಕಥೆಯನ್ನು ನನ್ನ ಸಹಿಯ ಸಮೇತ ಬರೆದು ಅಚ್ಚು ಹಾಕಿಸುತ್ತೇನೆ ಎಂದೆ.

“ಬರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ ಈಕಿಗೆ ಹೇಳ್ರಿ. ಈಕಿ ಹುಟ್ಟಿದಾಗಿಂದ ನಾ ಹೇಳಾಕತ್ತೇನಿ, ನಂಬಂಗಿಲ್ಲ. ‘ಆಯಿ, ನಿಂದು ಸಿಲೆಬಸ್‌ದಾಗ ಇಲ್ಲ, ಕಲ್ಲಿನ ಮ್ಯಾಲೂ ಇಲ್ಲ’ ಅಂತಾಳ. ಮಾಸ್ತರ ಹೇಳಿದ್ದಷ್ಟೇ ಖರೇ ಆಕೀಗೆ.”

ಹುಡುಗಿಯನ್ನು ಹತ್ತಿರ ಕರೆದು ಎಲ್ಲ ಹೇಳಿದೆ. ಕಣಿಕೆಯ ಮೇಲೆ ಕೂತು ಅತ್ತ ಆರು ವರ್ಷದ ಕೂಸು ಇದೇ ನಿನ್ನ ಆಯಿ ಎಂದೆ. ಖಾಲಿ ಜಾಗದ ವಿಷಯ ಹೇಳಿದೆ, ಪತ್ರಿಕೆಯ ತುಣುಕು, ಕಲ್ಲು, ಸಹಿ, ಒಂದನ್ನೂ ಬಿಡಲಿಲ್ಲ. ಆಕೆ ಒಮ್ಮೆ ತನ್ನ ಆಯಿಯನ್ನು, ಒಮ್ಮೆ ನನ್ನನ್ನು ನೋಡುತ್ತ ಕೇಳಿದಳು. ಮುಗಿದ ಮೇಲೆ ಪ್ರಶ್ನೆ ಹಾಕಿದಳು:

“ಸುಳ್ಳಂತ ಗೊತ್ತಿದ್ದೂ ಸಹಿ ಮಾಡಿದ್ರೇನ್ರಿ ಸರ?”

“ಹೌದವ್ವ.”

“ಯಾಕ್ರಿ? ಅವ್ರು ನಿಮಗ ಹೊಡದ್ರೇನು?”

“ಇಲ್ಲವ್ವ” ಎಂದೆ. “ಕುರ್ಚಿ ಕೊಟ್ಟು ಚಹಾ ಕುಡಿಸಿದ್ರು.”